ಆದಿಲಾಬಾದ್ ಗುಡ್ಡದ ಜೋಡಿದೀಪ

ಮಗಳು ರಶ್ಮಿಯ ಮದುವೆಗೆ ಇನ್ನು ಎರಡೇ ದಿನ. ಹೈದರಾಬಾದಿನ ಕಾಚಿಗೂಡದ ಮನೆಯಲ್ಲಿ ಶರಣಬಸಮ್ಮ ದೀಪಗಳನ್ನು ಸುತ್ತಿ ತಂದ ಹುಲ್ಲಿನ ಕಟ್ಟು ಬಿಚ್ಚಿದವಳೇ ಹುಬ್ಬು ಗಂಟಿಕ್ಕಿದಳು. ಹಿತ್ತಾಳೆಯ ಜೋಡಿದೀಪಗಳ ಮೇಲೆ ಕುಳಿತ ಎರಡು ನವಿಲುಗಳಲ್ಲಿ ಒಂದು ನೆಟ್ಟಗೆ ನೋಡುತ್ತಿತ್ತು; ಇನ್ನೊಂದರ ಕುತ್ತಿಗೆ ಕೊಂಚ ವಾಲಿತ್ತು.

“ಇವು ಜೋಡಿ ಅಲ್ಲ, ಅಪಶಕುನ! ವಾಪಸ್ ಒಯ್ಯಂತ ಹೇಳು,” ಎಂದಳು ಪಕ್ಕದಲ್ಲಿದ್ದ ಕಾವ್ಯಾಳಿಗೆ.

ಬಾಗಿಲಲ್ಲಿ ನಿಂತಿದ್ದ ಭೀಮರಾವ್ ಬೆವರೊರೆಸಿಕೊಂಡ. ಆದಿಲಾಬಾದಿನ ಗುಡ್ಡಗಳಲ್ಲಿ ತಲೆಮಾರುಗಳಿಂದ ಹಿತ್ತಾಳೆ ಎರಕ ಹೊಯ್ಯುವ ಮನೆತನ ಅವನದು. ಕೈಯಲ್ಲಿ ಬೇರೆ ಆರ್ಡರ್ ಇರಲಿಲ್ಲ; ಈ ದೀಪಗಳೂ ಮರಳಿದರೆ ಕುಲುಮೆ ಆರಿಸಿ, ಸೋಮವಾರದಿಂದ ಜೀಡಿಮೆಟ್ಲಾದ ಕಾರ್ಖಾನೆ ಸೇರುವುದೆಂದು ಅವನು ನಿಶ್ಚಯಿಸಿದ್ದ. ಅದು ಕಾವ್ಯಾಳ ಬಾಯಿಂದ ಶರಣಬಸಮ್ಮನಿಗೂ ಗೊತ್ತಾಗಿತ್ತು.

ಆರ್ಡರ್ ಕೊಡಿಸಿದವಳು ಪಕ್ಕದ ಮನೆಯ ಈ ಕಾವ್ಯಾಳೇ, ಅಬಿಡ್ಸಿನ ಕರಕುಶಲ ಮಳಿಗೆಯಲ್ಲಿ ಕೆಲಸ ಮಾಡುವವಳು. ಅವಳು ಭೀಮರಾವ್‌ನ ಪರ ಮಾತಿಗಿಳಿದಳು.

“ಕಾಕು, ನಿಮ್ಮ ಕೈಯಾನ ರೊಟ್ಟಿ ಎರಡು ಒಂದ್ಹಂಗ ಇರ್ತಾವೇನ್ರಿ?”

“ರೊಟ್ಟಿ ತಿಂದ್ರ ಮುಗೀತು. ದೀಪ ಬೀಗರ ಕಣ್ಮುಂದ ನಿಂದರ್ತಾವ! ಅದ ಅಚ್ಚಿನ್ಯಾಗ ಇನ್ನೊಂದು ಹೊಯ್ಕೊಂಡು ಬರ್ಲಿ.”

“ಆ ಅಚ್ಚು ಈಗಿಲ್ಲಮ್ಮ,” ಭೀಮರಾವ್ ತೆಲುಗಿನಲ್ಲಿ ಹೇಳಿ, ಚೀಲದಿಂದ ಸುಟ್ಟ ಮಣ್ಣಿನ ಗಟ್ಟಿಯೊಂದನ್ನು ತೆಗೆದು ಅಂಗಳದಲ್ಲಿಟ್ಟ. “ಇದರೊಳಗೆ, ಹೆಚ್ಚಿಗೆ ಒಂದಿರಲಿ ಎಂದು ಹೊಯ್ದ ಮೂರನೆಯ ದೀಪವಿದೆ. ಒಡೆಯಲು ಹೊತ್ತಾಗಲಿಲ್ಲ, ಹಾಗೇ ತಂದೆ.”

“ಮಣ್ಣಿನೊಳಗ?”

“ಮೇಣದ ಎಳಿ ಸುತ್ತಿ ನವಿಲು ಮಾಡ್ತಾರ್ರಿ ಕಾಕು,” ಕಾವ್ಯಾ ವಿವರಿಸಿದಳು. “ಮ್ಯಾಲೆ ಮಣ್ಣು ಮೆತ್ತಿ ಸುಟ್ರ ಮೇಣ ಕರಗಿ ಹೋಗ್ತೈತಿ. ಆ ಜಾಗಕ್ಕ ಹಿತ್ತಾಳಿ ಹೊಯ್ತಾರ. ಅಚ್ಚು ಒಡೆದ್ರನ ದೀಪ. ಒಂದು ಅಚ್ಚಿಗೆ ಒಂದ ದೀಪ.”

“ಒಳಗ ಹೆಂಗ ಬಂದೈತಿ?”

“ನನಗೂ ಗೊತ್ತಿಲ್ಲಮ್ಮ. ಹಿತ್ತಾಳೆ ಸರಿಯಾಗಿ ತುಂಬಿರದಿದ್ದರೆ ಹತ್ತು ದಿನದ ದುಡಿಮೆ ಮಣ್ಣುಪಾಲು.”

ಸುತ್ತಿಗೆ ಬಿತ್ತು. ಹಾರಿದ ಚೂರಿನ ಕೆಳಗೆ ಬರೀ ಮಸಿ. ಮತ್ತೊಂದು ಪೆಟ್ಟು, ಮತ್ತೆ ಮಣ್ಣು. ಶರಣಬಸಮ್ಮ ತನಗರಿವಿಲ್ಲದೆಯೇ ಸೆರಗು ಬಿಗಿಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. “ಹಗೂರ, ಹಗೂರಪ್ಪಾ!”

ಮೂರನೆಯ ಪೆಟ್ಟಿಗೆ ಪುಟ್ಟ ಕೊಕ್ಕೊಂದು ಮಿನುಗಿತು. ಮಣ್ಣುದುರಿದಂತೆ ಕೂದಲೆಳೆಯಷ್ಟು ಸಣ್ಣ ಗೆರೆಗಳ ಗರಿಗಳು ಬೆಳಕಿಗೆ ಬಂದವು. ಈ ನವಿಲು ಹಿಂದಕ್ಕೆ ತಿರುಗಿ ನೋಡುತ್ತಿತ್ತು!

ಶರಣಬಸಮ್ಮ ಆ ಗರಿಗಳನ್ನೂ ಅವನ್ನು ಮೂಡಿಸಿದ ಕರಿ ಬೆರಳುಗಳನ್ನೂ ಕಣ್ತುಂಬ ನೋಡಿದಳು.

“ಅಲ್ಲ ಕಾವ್ಯಾ, ನಮ್ಮ ರಶ್ಮಿನ್ನ, ಅಳಿಯನ್ನ ಒಂದ ಅಚ್ಚಿನ್ಯಾಗ ಹೊಯ್ದಾರೇನು? ಆದ್ರೂ ಜೋಡಿ ಅಂತೀವಿಲ್ಲೋ! ಮಂಟಪಕ್ಕ ಆ ಎರಡು ಇರ್ಲಿ. ಮೂರನೇದ್ದು ಬೀಗರಿಗೆ. ಭೀಮರಾವ್, ಜೀಡಿಮೆಟ್ಲಾಕ್ಕ ಬರೂದಿಲ್ಲಂತ ಈಗ ಫೋನ್ ಹಚ್ಚಪ್ಪಾ, ನನ್ನ ಮುಂದ!”

ಓದುಗರೇ, ಗುಡ್ಡದ ಕಸುಬು ಬರಿಯ ಹೊಗಳಿಕೆಯಿಂದ ಬದುಕುವುದಿಲ್ಲ. ನಮ್ಮ ಶುಭಕಾರ್ಯಗಳಲ್ಲಿ ಅದಕ್ಕೊಂದು ಜಾಗ ಬೇಕು. ಕೊಳ್ಳುವಾಗ ಮಾಡಿದವರ ಹೆಸರು ಕೇಳಿ. ಕೈಕೆಲಸದ ಸಣ್ಣ ವ್ಯತ್ಯಾಸವನ್ನು ದೋಷವೆಂದು ಹಿಂದಿರುಗಿಸಬೇಡಿ. ನೀವು ಮುಂದೆ ಕೊಡುವ ಉಡುಗೊರೆಯನ್ನು ಒಬ್ಬ ಕುಶಲಕರ್ಮಿಯ ಕೈಯಿಂದಲೇ ಮಾಡಿಸಿ; ಅವರ ಕುಲುಮೆ ಇನ್ನೂ ಬೆಚ್ಚಗಿರುವಾಗಲೇ.