ಮರೆಯಲ್ಲಿದ್ದವರಿಗೆ ಏಟಿಲ್ಲ

"ಈ ವಾರ ಆಗಲ್ವಂತೆ," ಎಂದು ಫೋನ್ ಕೆಳಗಿಟ್ಟ ಸೋಮಶೇಖರ್, ಯಾರಿಗೆ ಆಗುವುದಿಲ್ಲ ಎಂದು ಹೇಳುವ ಗೋಜಿಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಅವನ ಹೆಂಡತಿ ರುದ್ರಾಣಿಯೂ ಕೇಳಲಿಲ್ಲ. ಭಾನುವಾರದ ಆಟಕ್ಕೆ ಬರುತ್ತಿದ್ದ ಮೂವರಲ್ಲಿ ಪುಟ್ಟಸ್ವಾಮಿ ಮಾರ್ಚ್‌ನಿಂದ ಈ ಕಡೆ ತಲೆ ಹಾಕಿರಲಿಲ್ಲ. ದೀಪಕ್ ಆಗಲೇ ತಿ. ನರಸೀಪುರದಲ್ಲಿ ಬಸ್ ಹತ್ತಿದ್ದೇನೆಂದು ತಿಳಿಸಿದ್ದ. ಉಳಿದವನು ಪ್ರೇಮ್‌ಕುಮಾರ್ ಒಬ್ಬನೇ. ಅವಳು ಪಾತ್ರೆಯಿಂದ ಒಂದು ಲೋಟದಷ್ಟು ಹಾಲನ್ನು ಬೇರೆ ತೆಗೆದಿಟ್ಟು ಒಲೆ ಹಚ್ಚಿದಳು.

ನಡುಮನೆಯಲ್ಲಿ ಹಲಗೆ ಸಿದ್ಧವಾಗಿತ್ತು. ನಾಲ್ಕಡಿ ಚೌಕದ ಪ್ಲೈವುಡ್ ಮೇಲೆ ಫೆವಿಕಾಲ್ ಬಳಿದು ಮರದ ಹೊಟ್ಟು ಉದುರಿಸಿ ಮಾಡಿದ ನೆಲ, ನಡುವೆ ನೀಲಿ ಬಣ್ಣದ ಹೊಳೆ, ಹೊಳೆಯ ಎರಡೂ ದಡದಲ್ಲಿ ಹೆಬ್ಬೆರಳೆತ್ತರದ ಜನ. ಅವರಿಗೆಲ್ಲ ತಂತಿಯ ಎಲುಬು, ಎಂ-ಸೀಲ್ ಅಂಟಿನ ಮೈ. ಸೋಮಶೇಖರ್ ಐಟಿಐಯಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರು, ಅವನ ಬೆರಳಿಗೆ ಅಂಥ ಕೆಲಸ ಒಲಿದಿತ್ತು. ರುಮಾಲಿಗೆ, ಸೀರೆಯ ಅಂಚಿಗೆ ಬಣ್ಣ ಹಚ್ಚಿದವಳು ರುದ್ರಾಣಿ. ಯೂಟ್ಯೂಬಿನಲ್ಲಿ ಯಾರೋ ಹೊರದೇಶದವರು ಇಂಥ ಗೊಂಬೆಗಳನ್ನಿಟ್ಟುಕೊಂಡು ಕಾಳಗವಾಡುವುದನ್ನು ನೋಡಿ, ನಮ್ಮ ಪಾಳೆಯಗಾರರ ಕಾಲದ್ದೊಂದು ಯಾಕಿರಬಾರದು ಎಂದು ಅವನು ಹಟ ಹಿಡಿದದ್ದು ಮೂರು ವರ್ಷದ ಕೆಳಗೆ. ನಿಯಮಗಳನ್ನು ತಾನೇ ಬರೆದ. ಹನ್ನೊಂದು ಪುಟವಾಯಿತು. ತಿ. ನರಸೀಪುರದ ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ದೀಪಕ್ ಅದನ್ನು ಸ್ಪೈರಲ್ ಬೈಂಡ್ ಮಾಡಿ ಕೊಟ್ಟ. ಮಾಡುತ್ತ ಮಾಡುತ್ತ ಓದಿದ, ಓದಿದವನು ಮುಂದಿನ ಭಾನುವಾರವೇ ನಂಜನಗೂಡಿನ ಬಸ್ ಹತ್ತಿ ಆಡುವುದಕ್ಕೆ ಬಂದ.

ಆಟ ಸರಳ. ಒಬ್ಬೊಬ್ಬರಿಗೆ ಏಳು ಜನ. ಟೇಪಿನಲ್ಲಿ ಅಳೆದು ಎಂಟು ಇಂಚು ನಡೆಸಬೇಕು, ಎದುರಿಗೆ ಕಾಣುವ ಹತ್ತಿರದವನಿಗೆ ಹೊಡೆಯಬೇಕು, ದಾಳದಲ್ಲಿ ಐದೋ ಆರೋ ಬಿದ್ದರೆ ಅವನು ಸತ್ತ. ಸತ್ತವನು ಸತ್ತಂತೆಯೇ, ಮುಂದಿನ ವಾರ ಎದ್ದು ಬರುವಂತಿಲ್ಲ. ಅವನ ಜಾಗಕ್ಕೆ ಹೊಸಬ ಬರಬೇಕು. ಹಾಗಾಗಿ ಒಬ್ಬೊಬ್ಬನಿಗೂ ಹೆಸರಿರಬೇಕೆಂದು ಸೋಮಶೇಖರ್ ಪಟ್ಟು ಹಿಡಿದಿದ್ದ. ಹೆಸರಿಲ್ಲದ ಗೊಂಬೆ ಹೋದರೆ ಯಾರ ಗಂಟು ಹೋಯಿತು ಎಂಬುದು ಅವನ ವಾದ. ಕೂತಕೂತಲ್ಲೇ ಏಳು ಹೆಸರು ಕೊಡಿ ಎಂದರೆ ಜನ ಎಲ್ಲಿಂದ ತರುತ್ತಾರೆ? ಮನೆಯಿಂದ ತಂದರು. ಕಳಲೆಯಲ್ಲಿ ಹಾಲಿನ ಡೈರಿ ನೋಡಿಕೊಳ್ಳುತ್ತಿದ್ದ ಪುಟ್ಟಸ್ವಾಮಿ ತನ್ನಪ್ಪ ಚಾಮಯ್ಯನನ್ನೂ ಅಜ್ಜಿ ಸಣ್ಣತಾಯಮ್ಮನನ್ನೂ ಕಣಕ್ಕಿಳಿಸಿದ. ಮೆಡಿಕಲ್ ಶಾಪಿನ ಪ್ರೇಮ್‌ಕುಮಾರ್ ಅಪ್ಪ, ಚಿಕ್ಕಪ್ಪ, ಸೋದರಮಾವ ಎಂದು ವಂಶವನ್ನೇ ಸಾಲಾಗಿ ನಿಲ್ಲಿಸಿದ. ಸೋಮಶೇಖರ್ ತನ್ನ ಪಡೆಯ ಮುಂದಾಳಿಗೆ ರುದ್ರಾಣಿ ಎಂದು ಹೆಸರಿಟ್ಟ. ಕೈಯಲ್ಲಿ ಈಟಿ, ಹಸಿರು ಸೀರೆಯ ವೀರಗಚ್ಚೆ. ನನ್ನ ಮೂಗು ಇಷ್ಟು ದಪ್ಪ ಇಲ್ಲ ಎಂದು ಅವಳು ವಾರವೆಲ್ಲ ಜಗಳವಾಡಿದಳು.

ಆ ಮೊದಲ ವರ್ಷ ಮನೆಯಲ್ಲಿ ಭಾನುವಾರ ಎಂದರೆ ಸಂತೆ. ಒಬ್ಬನ ಚಿಕ್ಕಪ್ಪ ಇನ್ನೊಬ್ಬನ ಅಜ್ಜಿಯ ಕೈಯಲ್ಲಿ ಸತ್ತರೆ ಬೀದಿಗೆ ಕೇಳುವಷ್ಟು ನಗು. ರುದ್ರಾಣಿ ಉಪ್ಪಿಟ್ಟು ಮಾಡಿ, ಎರಡು ಸುತ್ತು ಕಾಫಿ ಕೊಟ್ಟು, ಬಾಗಿಲಿಗೊರಗಿ ನಿಂತು ನೋಡುತ್ತಿದ್ದಳು.

ಆಮೇಲೆ ಒಂದು ಭಾನುವಾರ ಹಲಗೆಯ ಮೇಲೆ ಸಣ್ಣತಾಯಮ್ಮ ಸತ್ತಳು, ಗುರುವಾರ ಕಳಲೆಯಲ್ಲಿ ಸಣ್ಣತಾಯಮ್ಮ ತೀರಿಕೊಂಡರು. ವಯಸ್ಸು ತೊಂಬತ್ತೊಂದು, ಹಾಸಿಗೆ ಹಿಡಿದು ವರ್ಷವಾಗಿತ್ತು. ಆದರೂ ತಿಥಿ ಮುಗಿಸಿ ಬಂದ ಪುಟ್ಟಸ್ವಾಮಿ ಬಾಗಿಲಲ್ಲೇ ನಿಂತು, ಮನೆಯಲ್ಲಿ ಹೆಂಗಸರು ಒಂದು ಥರಾ ಮಾತಾಡುತ್ತಿದ್ದಾರೆಂದು ಹೇಳಿದ. ಎಂ-ಸೀಲಿಗೂ ಆಯಸ್ಸಿಗೂ ಏನಯ್ಯಾ ಸಂಬಂಧ ಎಂದು ಸೋಮಶೇಖರ್ ನಕ್ಕುಬಿಟ್ಟ. ಪುಟ್ಟಸ್ವಾಮಿ ತಾನೂ ನಕ್ಕು, "ಬತ್ತೀನಿ ಸಾ," ಅಂದ. ಮತ್ತೆ ಬರಲಿಲ್ಲ.

ನಕ್ಕವನ ಸರದಿ ಎರಡು ತಿಂಗಳಿಗೆ ಬಂತು. ರುದ್ರಾಣಿಯ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು, ರಕ್ತ ಪರೀಕ್ಷೆ ಮಾಡಿಸಿದರೆ ಎರಡೂ ಕಿಡ್ನಿ ಸೋತಿವೆ ಎಂದು ಬಂತು. ಮಂಗಳವಾರ, ಶುಕ್ರವಾರ ಮೈಸೂರಿನಲ್ಲಿ ಡಯಾಲಿಸಿಸ್. ಕುಡಿಯುವ ನೀರಿಗೂ ಅಳತೆ. ಕಾಫಿ ಬಿಟ್ಟಳು. ಬಿಟ್ಟರೂ ಭಾನುವಾರ ಬಂದವರಿಗೆ ಮಾಡುವುದನ್ನು ಬಿಡಲಿಲ್ಲ. ಅವರು ಕುಡಿಯುವಾಗ ಘಮ ಬರುತ್ತಲ್ಲ, ನನಗೆ ಅಷ್ಟು ಸಾಕು ಎನ್ನುತ್ತಿದ್ದಳು. ವಾರದ ಎರಡು ದಿನ ಸೂಜಿಗೆ ಕೈಯೊಡ್ಡಿ ಮಲಗುವವಳಿಗೆ ಆ ಒಂದು ಮಧ್ಯಾಹ್ನದ ಗಲಾಟೆ ಬೇಕಾಗಿತ್ತು. ಅದು ಸೋಮಶೇಖರನಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಜನ ಬರಬೇಕು ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ.

ಹಾಗಿದ್ದೂ ಅವನು ನಿಯಮದ ಪುಸ್ತಕ ತಿದ್ದತೊಡಗಿದ. ಎರಡನೆಯ ಪುಸ್ತಕದಲ್ಲಿ, ಗೋಡೆಯ ಅಥವಾ ಮರದ ಮರೆಯಲ್ಲಿದ್ದವರಿಗೆ ಏಟಿಲ್ಲ ಎಂಬ ನಿಯಮ ಬಂತು. ಮೂರನೆಯದರಲ್ಲಿ, ಏಟು ತಿಂದ ಮುಂದಾಳಿಗೆ ಬದುಕಿಕೊಳ್ಳಲು ಇನ್ನೊಂದು ದಾಳ, ಅದಕ್ಕೆ ಎರಡನೆಯ ಉಸಿರು ಎಂದು ಹೆಸರು. ನಾಲ್ಕನೆಯದರಲ್ಲಿ, ಬಾವುಟ ಹಿಡಿದವರಿಗೆ ಗುರಿಯಿಡುವಂತಿಲ್ಲ. ಬಾವುಟ ಯಾರ ಕೈಯಲ್ಲಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಹನ್ನೊಂದು ಪುಟ ನಲವತ್ತಮೂರಾಯಿತು. ಒಂದು ಗಂಟೆಯ ಆಟ ಮೂರೂವರೆ ಗಂಟೆ ತಗೊಂಡಿತು. ಜನ ಬರುವುದು ಕಮ್ಮಿಯಾದಾಗ ಅವನು ಪುಟದ ಲೆಕ್ಕ ಹಾಕಿ, ಉದ್ದವಾಯಿತು, ಅದಕ್ಕೇ ಬೇಜಾರಾಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಪ್ರೇಮ್‌ಕುಮಾರ್ ಆಗುವುದಿಲ್ಲ ಎಂದು ಫೋನ್ ಮಾಡಿದ ಆ ಭಾನುವಾರವೂ ದೀಪಕ್ ಒಬ್ಬನೇ ಬಂದು, ಅರ್ಧ ಆಟವಾಡಿ, ಎರಡು ಲೋಟ ಕಾಫಿ ಕುಡಿದು ಹೋದ.

ಬುಧವಾರ ಮಾತ್ರೆ ತರಲು ಹೋದ ಸೋಮಶೇಖರ್ ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ್ದನ್ನು ನೋಡಿ ಪ್ರೇಮ್‌ಕುಮಾರನನ್ನು ಕೇಳಿಯೇಬಿಟ್ಟ. ನಿಯಮ ಜಾಸ್ತಿಯಾಯಿತಾ, ಕಮ್ಮಿ ಮಾಡಲಾ, ಹೇಳು ಎಂದ. ಪ್ರೇಮ್‌ಕುಮಾರ್ ಚೀಟಿ ನೋಡುತ್ತಲೇ ಮಾತ್ರೆಯ ಪಟ್ಟಿಗಳನ್ನು ಕತ್ತರಿಸಿ ಮುಗಿಸಿದ. ಆಮೇಲೆ ಕತ್ತರಿ ಕೆಳಗಿಟ್ಟ.

"ನಿಯಮ ಎಷ್ಟಿದ್ರೂ ಕಲ್ತ್ಕೋಬೋದು ಸಾ. ಆ ಹಲಗೆ ಮೇಲೆ ನಮ್ಮಪ್ಪ ಸತ್ರು, ಚಿಕ್ಕಪ್ಪ ಸತ್ರು, ನಾನೇ ಎತ್ತಿ ಡಬ್ಬಕ್ಕೆ ಆಕ್ದೆ. ಅಕ್ಕೋರ ಗೊಂಬೆಗೆ ಮಾತ್ರ ಒಂದೊಂದು ಪುಸ್ತಕದಲ್ಲೂ ಒಂದೊಂದು ನಿಯಮ ಬಂತು. ನಾವೇನು ಯೋಳಾದು? ಅಕ್ಕೋರು ಕಾಫಿ ಕೊಟ್ಟು ಪಕ್ಕದಲ್ಲೇ ನಿಂತಿರ್ತಾರೆ. ಒಡೆಯಕ್ಕೂ ಕೈ ಬರಲ್ಲ, ಒಡೀದೇ ಇದ್ರೆ ಅದು ಆಟ ಅಲ್ಲ. ಅದ್ಕೇ ಬರ್ನಿಲ್ಲ ಕಣ್ ಸಾ. ಬೇಜಾರು ಮಾಡ್ಕಬೇಡಿ."

ಸೋಮಶೇಖರನಿಗೆ ಸಿಟ್ಟು ಬಂತು. ಮಾತ್ರೆಯ ಕವರು ತೆಗೆದುಕೊಂಡು ಸ್ಕೂಟರ್ ತನಕ ಬಂದವನಿಗೆ ಕೀಲಿ ಕೈಯಲ್ಲೇ ಇದ್ದರೂ ಜೇಬೆಲ್ಲ ತಡಕಾಡಿದ್ದು ಗೊತ್ತಾಗಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. ಪುಟ್ಟಸ್ವಾಮಿಯ ಮುಂದೆ ನಕ್ಕದ್ದು ನೆನಪಾಗಿ ಇನ್ನೂ ನಾಚಿಕೆಯಾಯಿತು.

ಮನೆಗೆ ಬಂದು ಹೆಂಡತಿಗೆ, ಪುಸ್ತಕ ಉದ್ದವಾಯಿತಂತೆ, ಮತ್ತೆ ಹಳೆಯ ಹನ್ನೊಂದು ಪುಟಕ್ಕೇ ಹೋಗುತ್ತೇನೆ ಎಂದಷ್ಟೇ ಹೇಳಿದ. ರುದ್ರಾಣಿ ಎಡಗೈಯ ಪಟ್ಟಿ ಬಿಚ್ಚಿ, ಸೂಜಿ ಚುಚ್ಚಿದ ಜಾಗವನ್ನು ನೋಡಿಕೊಳ್ಳುತ್ತಿದ್ದಳು. ನಾಲ್ಕೂ ಪುಸ್ತಕ ನಾನು ಓದಿದ್ದೇನೆ, ಆಸ್ಪತ್ರೆಯಲ್ಲಿ ನಾಲ್ಕು ತಾಸು ಮಲಗಿ ಇನ್ನೇನು ಮಾಡಲಿ ಅಂದಳು.

"ನನ್ನ ಉಳಿಸಕ್ಕೆ ಹೋಗಿ ಮನೆ ಖಾಲಿ ಮಾಡಿದ್ರಿ ಕಣ್ರೀ," ಎಂದಳು ಆಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಸ್ನಾನಕ್ಕೆ ಹೋದ, ಬೆಳಿಗ್ಗೆ ಒಮ್ಮೆ ಮಾಡಿದ್ದರೂ.

ರಾತ್ರಿ ಊಟಕ್ಕೆ ಮುಂಚೆ ಒಬ್ಬೊಬ್ಬರಿಗೂ ಫೋನ್ ಮಾಡಿದ. ಮರೆಯ ನಿಯಮ ತೆಗೆದಿದ್ದೇನೆ, ಬಾವುಟ ತೆಗೆದಿದ್ದೇನೆ, ಬೇಕಾದರೆ ಹೆಸರುಗಳನ್ನೂ ಬದಲಾಯಿಸೋಣ ಎಂದು ಬೇಡಿಕೊಂಡಂತೆಯೇ ಹೇಳಿದ. ಪುಟ್ಟಸ್ವಾಮಿ, ಬತ್ತೀನಿ ಸಾ ಎಂದ. ಪ್ರೇಮ್‌ಕುಮಾರ್, ನೋಡ್ತೀನಿ ಸಾ ಎಂದ. ದೀಪಕ್ ಮಾತ್ರ ಎಷ್ಟು ಗಂಟೆಗೆ ಎಂದು ಕೇಳಿದ.

ಭಾನುವಾರ ಮೂರು ಗಂಟೆಗೆ ದೀಪಕ್ ಬಂದ. ನಾಲ್ಕು ಗಂಟೆಯವರೆಗೆ ಉಳಿದಿಬ್ಬರಿಗೆ ಕಾದು, ಇಬ್ಬರೇ ಶುರುಮಾಡಿದರು. ರುದ್ರಾಣಿ ಆ ದಿನ ನಿಲ್ಲಲಿಲ್ಲ, ಸ್ಟೂಲೊಂದನ್ನು ಎಳೆದುಕೊಂಡು ಹಲಗೆಯ ಪಕ್ಕದಲ್ಲೇ ಕೂತಳು. ಹಳೆಯ ನಿಯಮದಲ್ಲಿ ಆಟ ಚುರುಕಾಗಿ ನಡೆಯಿತು. ಅರ್ಧ ಗಂಟೆಯಲ್ಲಿ ಆ ಕಡೆ ಇಬ್ಬರು, ಈ ಕಡೆ ಮೂವರು ಹೋದರು. ದೀಪಕ್ ಒಮ್ಮೆ ಜೋರಾಗಿ ನಕ್ಕ ಕೂಡ. ಸೋಮಶೇಖರನಿಗೆ ಹಳೆಯ ದಿನ ತಿರುಗಿ ಬಂದಂತೆಯೇ ಆಯಿತು, ಒಂದು ಗಳಿಗೆ. ಆದರೆ ಹಸಿರು ಸೀರೆಯವಳು ಮಾತ್ರ ಶುರುವಿನಲ್ಲಿ ಇಟ್ಟ ಹಿಂದಿನ ಮೂಲೆಯನ್ನು ಬಿಟ್ಟು ಕದಲಿರಲಿಲ್ಲ. ಅಷ್ಟು ದೂರಕ್ಕೆ ಯಾರ ಏಟೂ ತಾಗುವಂತಿರಲಿಲ್ಲ.

ಅವನು ಟೇಪು ಹಿಡಿದು ಬೇರೆ ಯಾರನ್ನೋ ನಡೆಸಲು ಅಳೆಯುತ್ತಿದ್ದಾಗ ರುದ್ರಾಣಿ ಕೈಚಾಚಿ ತನ್ನ ಗೊಂಬೆಯನ್ನು ಎತ್ತಿದಳು. ಟೇಪನ್ನು ಅವನ ಕೈಯಿಂದ ತೆಗೆದುಕೊಂಡು, ಎಂಟು ಇಂಚು ಸರಿಯಾಗಿ ಅಳೆದು, ಹೊಳೆಯ ಕಡೆಯ ಬಯಲಿನಲ್ಲಿ ನಿಲ್ಲಿಸಿದಳು. ಅವನು ಬೇಡವೆನ್ನುವಷ್ಟರಲ್ಲಿ ಕೈ ತೆಗೆದಿದ್ದಳು. ಕೈ ತೆಗೆದ ಮೇಲೆ ಹಿಂದಕ್ಕಿಡುವಂತಿಲ್ಲ, ಅದು ಅವನೇ ಬರೆದ ನಿಯಮ.

ದೀಪಕ್ ಹಲಗೆಯನ್ನು ನೋಡಿದ. ಅವನ ಬಿಲ್ಲುಗಾರನಿಗೆ ಹತ್ತಿರದಲ್ಲಿ ಇದ್ದದ್ದು ಅವಳೊಬ್ಬಳೇ.

"ಅಕ್ಕ, ಈ ಸಲ ನಾನು ಒಡೆಯಲ್ಲ, ಸರದಿ ಬುಡ್ತೀನಿ," ಅಂದ.

ಸರದಿ ಬಿಡಬಹುದು ಎಂದು ಯಾವ ಪುಟದಲ್ಲಿ ಬರೆದಿದೆ, ನೀನೇ ತಾನೇ ಜೆರಾಕ್ಸ್ ಮಾಡಿದವನು ಎಂದು ರುದ್ರಾಣಿ ಕೇಳಿದಳು. ಅವನು ಸೋಮಶೇಖರನ ಮುಖ ನೋಡಿದ, ಸೋಮಶೇಖರ್ ಹೊಳೆಯನ್ನು ನೋಡುತ್ತಿದ್ದ. ಕೊನೆಗೆ ದೀಪಕ್ ದಾಳವನ್ನು ಎರಡು ಅಂಗೈ ನಡುವೆ ಅಲ್ಲಾಡಿಸಿ ಬಿಟ್ಟ. ಅದು ಒಂದು ಸುತ್ತು ಹೊರಳಿ, ಹೊಟ್ಟಿನ ನೆಲದ ಮೇಲೆ ಆರು ಚುಕ್ಕಿ ತೋರಿಸಿ ನಿಂತಿತು. ನಿಂತದ್ದೇ ತಡ, ದೀಪಕ್ ಅದರ ಮೇಲೆ ಕೈಯಿಟ್ಟು ಎತ್ತಿಕೊಂಡ.

"ಎರಡು," ಅಂದ.

"ಎರಡೇ," ಅಂದ ಸೋಮಶೇಖರ್, ಯಾರೂ ಕೇಳುವ ಮೊದಲೇ.

ರುದ್ರಾಣಿ ಇಬ್ಬರ ಮುಖವನ್ನೂ ನೋಡಿದಳು. "ನಂದು ಕಿಡ್ನಿ ಹೋಗಿರೋದು, ಕಣ್ಣಲ್ಲ," ಎಂದಳು. ಬೆರಳಿನಿಂದ ಗೊಂಬೆಯ ತಲೆ ಒತ್ತಿ ಮಲಗಿಸಿದಳು. ದೀಪಕ್ ಅದನ್ನು ಎತ್ತಿ ನಿಲ್ಲಿಸಿದ. ಅವಳು ಮತ್ತೆ ಮಲಗಿಸಿದಳು. ಈ ಸಲ ಅವನು ಮುಟ್ಟಲಿಲ್ಲ. ಅವನ ಕಣ್ಣು ತುಂಬಿತ್ತು, ಅದನ್ನು ತೋರಿಸಿಕೊಳ್ಳಲಾರದೆ ಎದ್ದು ನಿಂತ. ಐದು ಗಂಟೆಯ ಬಸ್ ಹಿಡಿಯಬೇಕು, ಅಂಗಡಿಯಲ್ಲಿ ಯಾರೂ ಇಲ್ಲ ಎಂದ. ಭಾನುವಾರ ಅವನ ಅಂಗಡಿಗೆ ರಜೆ ಎಂಬುದು ಮೂವರಿಗೂ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲಾಚೆ ನಿಂತು ಸೋಮಶೇಖರನಿಗೆ ಕೈಮುಗಿದು ಮೆಟ್ಟಿಲಿಳಿದ. ಅವನು ಹಾಗೆ ಕೈಮುಗಿದದ್ದು ಈ ಮೂರು ವರ್ಷದಲ್ಲಿ ಇದೇ ಮೊದಲು.

ಇನ್ನು ಯಾರೂ ಬರುವುದಿಲ್ಲ ಎಂದು ಸೋಮಶೇಖರನಿಗೆ ಆಗ ಖಚಿತವಾಯಿತು. ನಿಯಮ ತಿದ್ದಿದರೂ ಬರುವುದಿಲ್ಲ, ತಿದ್ದದಿದ್ದರೂ ಬರುವುದಿಲ್ಲ. ಅವಳಿಗಾಗಿ ಜನ ಬೇಕಿತ್ತು, ಬಂದ ಜನಕ್ಕೆ ಅವಳನ್ನು ನೋಡಿಕೊಂಡು ಆಡಲು ಆಗುವುದಿಲ್ಲ. ಇದಕ್ಕೆ ಬರೆಯಬಹುದಾದ ನಿಯಮ ಯಾವುದೂ ಅವನಿಗೆ ತೋಚಲಿಲ್ಲ.

ಅವನು ಬಾಗಿಲ ಕಡೆಯಿಂದ ತಿರುಗಿದಾಗ ರುದ್ರಾಣಿ ಸ್ಟೂಲಿನಿಂದೆದ್ದು, ಹಲಗೆಯ ಆಚೆ ಬದಿಗೆ ಹೋಗಿ, ದೀಪಕ್ ಬಿಟ್ಟುಹೋದ ಕುರ್ಚಿಯಲ್ಲಿ ಕೂತಿದ್ದಳು. ಅವನ ಐದು ಜನರ ರುಮಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ದಾಳವನ್ನು ಗಂಡನ ಕಡೆಗೆ ಉರುಳಿಸಿದಳು.

"ನಿಮ್ಮ ಸರದಿ," ಎಂದಳು.

ಅವನು ಬಂದು ಎದುರಿಗೆ ಕೂತ. ದಾಳ ತೆಗೆದುಕೊಂಡ. ಅವನ ಕಡೆ ಇನ್ನು ಮೂವರು ನಿಂತಿದ್ದರು. ಎಲ್ಲರಿಗೂ ಎದುರಿಗೆ ಕಾಣುತ್ತಿದ್ದದ್ದು ಈಗ ಅವಳ ಪಡೆ. ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗಿ ನಿಂತಿತು.

"ನೀವೂ ಬಿಟ್ರಾ ಆಟಾನ?" ಎಂದು ರುದ್ರಾಣಿ ಕೇಳಿದಳು.

ಇಲ್ಲ ಎಂದು ಅವನು ತಲೆಯಾಡಿಸಿದ. ಒಬ್ಬನನ್ನು ಎತ್ತಿ ಹಿಡಿದ. ಎಲ್ಲಿ ಇಡಬೇಕೋ ತಿಳಿಯದೆ ಅವನ ಕೈ ಹೊಳೆಯ ಮೇಲೆ ಹಾಗೇ ನಿಂತಿತ್ತು. ಅವಳು ಊದಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತ ಕೂತಳು.