ಸೊಳ್ಳೆಪರದೆ ಕಂಡ ಸಮುದ್ರ

ನಾನು ಒಂದು ಸೊಳ್ಳೆಪರದೆ. ಹಸುಗೂಸುಗಳ ಮೇಲೆ ಕವುಚಿಡುವ, ಛತ್ರಿಯಂತೆ ಮಡಚುವ ಜಾತಿಯವನು. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ಹುಟ್ಟಿದೆ. ಹಸೀನಾ ಎಂಬ ಹೆಂಗಸು ನನ್ನ ತಂತಿಯ ಕಮಾನುಗಳಿಗೆ ನೀಲಿ ಜಾಲರಿ ಹೊಲಿದು, ಕೆಳಗೆ ಪುಟ್ಟ ಹಾಸಿಗೆ ಸೇರಿಸಿ, ಸುತ್ತಲೂ ಜಿಪ್ ಹಾಕಿದಳು. ಜಿಪ್ಪನ್ನು ಮೂರು ಸಲ ಎಳೆದು ನೋಡಿ ಅಟ್ಟಿಯ ಮೇಲೆ ಎಸೆದಳು. ಅಲ್ಲಿಗೆ ನನ್ನ ಬಾಲ್ಯ ಮುಗಿಯಿತು.

ಬಾಗಲಕೋಟೆಯ ಅಂಚೆ ಕಚೇರಿಯವರು ನನ್ನನ್ನು ಕೊಂಡರು. ಅವರ ಜೊತೆ ಕೆಲಸ ಮಾಡುತ್ತಿದ್ದ ನೀಲಾಂಬಿಕೆಯ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ನಾನು ಬಣ್ಣದ ಕಾಗದ ಸುತ್ತಿಕೊಂಡು ಆ ಮನೆಗೆ ಹೋದೆ. ಮಗುವಿಗೆ ಮುಕ್ತಾ ಎಂದು ಹೆಸರಿಟ್ಟರು.

ನೀಲಾಳ ತಾಯಿ ತೀರಿಕೊಂಡಿದ್ದರಿಂದ ಬಾಣಂತನ ಅತ್ತೆ ಗುರುಬಸವ್ವನ ಪಾಲಿಗೆ ಬಂದಿತ್ತು. ಆಕೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಎಣ್ಣೆ ಹಚ್ಚಿ ಎರೆದಳು, ಕೊಬ್ಬರಿ ಖಾರ ಮಾಡಿ ಉಣ್ಣಿಸಿದಳು, ಲೋಬಾನದ ಹೊಗೆ ಹಾಕಿದಳು. ಆದರೆ ನಾನು ಕೂಸಿನ ತಲೆಯ ಮೇಲಿರುವವನು. ಬಾಗಿ ನೋಡುವವರ ಮುಖ ಮೊದಲು ಕಾಣುವುದು ನನಗೆ. ಗುರುಬಸವ್ವ ಬಾಗಿದರೆ ಮುಖ ಅರಳುತ್ತಿತ್ತು. ನೀಲಾ ಬಾಗಿದರೆ, ಕಚೇರಿಯಲ್ಲಿ ವಿಳಾಸವಿಲ್ಲದ ಲಕೋಟೆಯನ್ನು ತಿರುಗಿಸಿ ನೋಡುವವಳಂತೆ ನೋಡುತ್ತಿದ್ದಳು. ಮಗು ಮಲಗಿದರೂ ಆಕೆ ಮಲಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಂಡನಿಗೆ ಹೇಳಿಯೂ ಹೇಳಿದಳು.

"ರೀ, ನನಗ ಈ ಕೂಸಿನ ಮ್ಯಾಲ ಏನೂ ಅನಸವಲ್ದು. ಯಾರದೋ ಕೂಸು ಕಾಯಾಕತ್ತೀನಿ ಅನಸ್ತೈತಿ."

ಗಂಡ ಸಂಗಮೇಶ ಐಟಿಐಯಲ್ಲಿ ಮಾಸ್ತರ. ಕೆಟ್ಟ ಮನುಷ್ಯನಲ್ಲ. ಯಂತ್ರ ಕೆಟ್ಟರೆ ಸ್ವಲ್ಪ ಆರಲು ಬಿಡಬೇಕು ಎಂದು ಬಲ್ಲವನು.

"ನಾಕು ತಿಂಗಳಾತು, ನಾಕು ಗ್ವಾಡಿ ನಡುವ ಕುಂತೀದಿ. ಇನ್ನ ಎರಡು ತಿಂಗಳು ರಜಾ ಐತೆಲ್ಲ, ಸಮುದ್ರ ನೋಡಿ ಬರೂಣು," ಎಂದ.

ಗುರುಬಸವ್ವ ಬೇಡವೆಂದಳು. ಎಳೆಗೂಸು, ಉಪ್ಪುಗಾಳಿ, ಹೊರಗಿನ ನೀರು. ಸಂಗಮೇಶ ಕೇಳಲಿಲ್ಲ. ಫ್ಲಾಸ್ಕು, ಲಂಗೋಟಿಗಳ ಚೀಲ, ಗ್ರೈಪ್ ವಾಟರು, ಎಲ್ಲದರ ಮೇಲೆ ನಾನು. ಬಾಡಿಗೆ ಕಾರಿನಲ್ಲಿ ಅಂಕೋಲೆಯ ಕಡೆಗೆ ಹೊರಟೆವು. ಘಟ್ಟ ಇಳಿಯುವಾಗ ಮುಕ್ತಾ ಎರಡು ಸಲ ಕಾರಿಕೊಂಡಳು. ನೀಲಾ ಒರೆಸಿದಳು.

ಮರುದಿನ ಬೆಳಗ್ಗೆ ಹತ್ತರ ಸುಮಾರಿಗೆ ದಂಡೆಗೆ ಹೋದೆವು. ಗಾಳಿಮರದ ನೆರಳಲ್ಲಿ ನನ್ನನ್ನು ಬಿಡಿಸಿ ಮಗುವನ್ನು ಒಳಗೆ ಮಲಗಿಸಿದರು. ಅಷ್ಟು ದೂರದಲ್ಲಿ ಒಬ್ಬ ಹೆಂಗಸು ಮೀನು ಒಣಹಾಕುತ್ತಿದ್ದಳು. ಬಿಸಿನೀರು, ಇಡ್ಲಿ ತರುತ್ತೇನೆಂದು ಸಂಗಮೇಶ ಫ್ಲಾಸ್ಕು ಹಿಡಿದು ಹೋದ.

ಅವನು ಮರೆಯಾದ ಮೇಲೆ ನೀಲಾ ನಾಲ್ಕು ಕಲ್ಲು ಹೆಕ್ಕಿ ತಂದು, ಗಾಳಿಗೆ ನಾನು ಹಾರದಂತೆ ನನ್ನ ನಾಲ್ಕೂ ಮೂಲೆಗೆ ಇಟ್ಟಳು. ಎಷ್ಟು ಚೊಕ್ಕಟವಾಗಿ ಇಟ್ಟಳೆಂದರೆ, ತಿರುಗಿ ಬರುವವರು ಹಾಗೆ ಇಡುವುದಿಲ್ಲ. ಜಿಪ್ಪನ್ನು ಪೂರ್ತಿ ಎಳೆದಳು. ಜಾಲರಿಗೆ ಮುಖ ತಾಗಿಸಿ ಹೇಳಿದಳು:

"ನಿಮ್ಮ ಅಜ್ಜಿ ಛಲೋ ನೋಡ್ಕೋತಾಳ."

ಎದ್ದು ನಡೆದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ನಾನು ಬಟ್ಟೆ ಮತ್ತು ತಂತಿ. ಕೂಗಲು ನನಗೆ ಬಾಯಿಲ್ಲ. ಮುಕ್ತಾಳಿಗೆ ಇತ್ತು. ಅವಳಿಗೆ ಹಸಿವೋ, ಮುಖಕ್ಕೆ ಬಿದ್ದ ಬಿಸಿಲೋ, ಕಿಟಾರನೆ ಚೀರಿದಳು.

ಮೀನಿನ ಹೆಂಗಸು ತಲೆ ಎತ್ತಿದಳು. ಮಗುವನ್ನು ನೋಡಿದಳು, ತಾಯಿಗಾಗಿ ಆಚೀಚೆ ನೋಡಿದಳು, ಕೊನೆಗೆ ನೀರಿನ ಕಡೆ ನೋಡಿದಳು. ಸೀರೆ ಎತ್ತಿ ಕಟ್ಟಿ ಓಡಿದಳು. ನೀಲಾಳ ಹೆರಳು ಕೈಗೆ ಸಿಕ್ಕಿತು. ಅದನ್ನೇ ಹಿಡಿದು ದಂಡೆಗೆ ಎಳೆದು ತಂದಳು. ಇಬ್ಬರೂ ಮರಳಲ್ಲಿ ಬಿದ್ದು ಏದುಸಿರು ಬಿಟ್ಟರು. ಆಕೆ ಬೈಯಲಿಲ್ಲ. ತೆವಳಿಕೊಂಡೇ ಬಂದು, ಮೀನಿನ ವಾಸನೆಯ ಕೈಯಿಂದ ನನ್ನ ಜಿಪ್ ತೆಗೆದು, ಮಗುವನ್ನು ತನ್ನ ಒದ್ದೆ ಮಡಿಲಿಗೆ ಹಾಕಿಕೊಂಡಳು. ಇನ್ನೊಂದು ಕೈ ನೀಲಾಳ ರಟ್ಟೆ ಬಿಟ್ಟಿರಲಿಲ್ಲ.

ಸಂಗಮೇಶ ಈ ನೋಟ ನೋಡಿ ಫ್ಲಾಸ್ಕು ಬಿಟ್ಟು ಓಡಿ ಬಂದ. ಹೆಂಗಸು ಅವನಿಗೆ ಹೇಳಿದ್ದು ಇಷ್ಟೇ: "ಇವಳನ್ನ ಮನೆಗೆ ಕರ್ಕಂಡು ಹೋಗ್ಬೇಡ. ಮೊದ್ಲು ಡಾಕ್ಟ್ರ ಹತ್ರ ಹೋಗು. ಒಬ್ಳನ್ನೇ ಬಿಡ್ಬೇಡ."

ಅವನು ಆ ಮಾತು ಕೇಳಿದ. ಕಾರು ನೇರ ಧಾರವಾಡಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಹೋಯಿತು. ದಾರಿಯಲ್ಲಿ ಸಂಗಮೇಶ ಮೆಲ್ಲಗೆ ಅಂದ: "ಮನ್ಯಾಗ ಏನೂ ಹೇಳಬ್ಯಾಡ. ಕಾಲು ಜಾರಿತು ಅನ್ನು."

ನೀಲಾ ಹೂಂ ಅಂದಳು.

ಆಕೆ ಐದು ವಾರ ಆಸ್ಪತ್ರೆಯಲ್ಲಿದ್ದಳು. ಎದೆಗೆ ಸಮುದ್ರದ ನೀರು ಹೋಗಿದೆ ಎಂದು ಮನೆಯವರಿಗೆ ಹೇಳಿದ್ದಾಯಿತು. ಆಮೇಲೆ ಒಂದು ವರ್ಷ ಗುಳಿಗೆ. ನಾನು ಮಗುವಿನ ಜೊತೆ ಗುರುಬಸವ್ವನ ಊರಿಗೆ ಹೋದೆ. ಅಲ್ಲಿ ಮುಕ್ತಾ ಬಾಟಲಿ ಹಾಲು ಕುಡಿದು ಬೆಳೆದಳು. ನನ್ನನ್ನು ಒದ್ದು ಹೊರಬರುವಷ್ಟಾದಳು, ನಿಂತಳು, ಮಾತು ಕಲಿತಳು. ತಾಯಿ ಗುಣವಾಗಿ ಕರೆಯಲು ಬಂದ ದಿನ ಮಗು ಅಜ್ಜಿಯ ಸೆರಗಿನ ಹಿಂದೆ ಅಡಗಿತು. ಅಜ್ಜಿಯೂ ಜೊತೆಗೇ ಬಾಗಲಕೋಟೆಗೆ ಬರಬೇಕಾಯಿತು. ಅಜ್ಜಿಯೇ ಅದಕ್ಕೆ ಅವ್ವ. ತಾಯಿಯನ್ನು ಎಲ್ಲರೂ ಕರೆದಂತೆ 'ನೀಲಾ' ಎಂದೇ ಕರೆಯಿತು. ಇಂದಿಗೂ ಬಿದ್ದು ಮೊಣಕಾಲು ತರಚಿದರೆ ತಾಯಿಯನ್ನು ದಾಟಿಕೊಂಡೇ ಅಜ್ಜಿಯ ಹತ್ತಿರ ಓಡುತ್ತದೆ. ಆಗ ನೀಲಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಅಳು ನಿಲ್ಲುವವರೆಗೂ ಹಾಗೇ ನಿಂತಿರುತ್ತಾಳೆ.

ನಾನು ಸಂಗಮೇಶನ ತಂಗಿಯ ಮಗನಿಗೆ ಹೋದೆ, ಅಲ್ಲಿಂದ ಅವರ ಬಾಡಿಗೆಯವರ ಮನೆಗೆ. ಒಂದು ಕಮಾನು ಮುರಿದು, ಜಿಪ್ ಹೋಗಿ, ಮತ್ತೆ ಬಾಗಲಕೋಟೆಗೆ ಬಂದೆ. ಈಗ ಮಾಳಿಗೆಯ ಮೇಲೆ ಸಂಡಿಗೆ ಕಾಯುತ್ತೇನೆ. ಕಾಗೆಗಳು ನನಗೆ ಇನ್ನೂ ಸ್ವಲ್ಪ ಹೆದರುತ್ತವೆ.

ಮೊನ್ನೆ ನೀಲಾ ಸಂಡಿಗೆ ಇಡುತ್ತಿದ್ದಾಗ ಪಕ್ಕದ ಮನೆಯ ರೋಹಿಣಿ ಮಾಳಿಗೆ ಹತ್ತಿ ಬಂದಳು. ಎರಡು ತಿಂಗಳ ಬಾಣಂತಿ.

"ಅಕ್ಕಾರ, ನಿಮ್ಮಲ್ಲಿ ಕೂಸಿನ ಪರದೆ ಐತಂತಲ್ರಿ. ಎಂಟು ದಿನ ಊರಿಗೆ ಹೋಗಿ ಬರೂಣಂತಾರ ನಮ್ಮವರು."

"ಅದು ಹರದೈತಿ. ನೀ ಯಾಕ ಹಿಂಗ ಆಗೀದಿ?"

"ಏನಿಲ್ರಿ. ನಿದ್ದಿ ಇಲ್ಲ." ರೋಹಿಣಿ ನಕ್ಕಳು. ಕಣ್ಣು ನಗಲಿಲ್ಲ.

"ಕೂಸು ಮಲಗಿದಾಗ ಮಲಗ್ತೀಯಿಲ್ಲೊ?"

ರೋಹಿಣಿ ನನ್ನ ಜಾಲರಿಯನ್ನು ಬೆರಳಿನಿಂದ ಎಳೆಯತೊಡಗಿದಳು. ಆ ಮುಖ ನಾನು ಬಲ್ಲೆ. ನೀಲಾಳೂ ಬಲ್ಲಳು. ಸಂಡಿಗೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿ, ಆಕೆಯ ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಕೆಳಗೆ ಗುರುಬಸವ್ವ ಪಾತ್ರೆ ಬೆಳಗುವ ಸದ್ದು ಕೇಳುತ್ತಿತ್ತು. ಆದರೂ ನೀಲಾ ದನಿ ತಗ್ಗಿಸಲಿಲ್ಲ.

"ನಾ ಸಮುದ್ರದಾಗ ಕಾಲು ಜಾರಿ ಬಿದ್ದೆ ಅಂತ ಓಣಿಗೆಲ್ಲ ಗೊತ್ತೈತಲ್ಲ, ರೋಹಿಣಿ," ಎಂದಳು. "ನನ್ನ ಕಾಲು ಜಾರಿರಲಿಲ್ಲ."

ಕೆಳಗೆ ಪಾತ್ರೆಯ ಸದ್ದು ನಿಂತಿತು. ನೀಲಾ ನಿಲ್ಲಿಸಲಿಲ್ಲ.