ಹದಿನೇಳನೇ ನಂಬರಿನ ಅಂಗಿ

ಮಾರ್ಕೆಟ್ಟಿನ ವರ್ತಕರ ಸಂಘ ಸಾಕಿಕೊಂಡ ಕಾವಲು ಪಡೆಗೆ ನಲವತ್ತು ಅಂಗಿ ಹೊಲಿಯುವ ಆರ್ಡರು ನನಗೇ ಬಂತು. ನನ್ನ ತಮ್ಮ ಅದೇ ಪಡೆಯಲ್ಲಿದ್ದ, ಅವನೇ ಕೊಡಿಸಿದ್ದು. ಹೊಸ ಕಾನೂನು ಬಂದಿತ್ತು: ಖಾಸಗಿ ಪಡೆಯವರು ಪೊಲೀಸರ ಬಣ್ಣ ತೊಡುವಂತಿಲ್ಲ, ಎದೆಯ ಮೇಲೆ ನಂಬರು ಹೊಲಿದಿರಲೇಬೇಕು.

ಪಡೆಯ ಯಜಮಾನ ಅಂಗಡಿಗೆ ಬಂದು ನನ್ನ ಕತ್ತರಿ ಆಡಿಸುತ್ತಾ, “ಅಕ್ಕಾ, ನಂಬರು ಹೊಲೀಬೇಡಿ, ಟಿಚ್ ಬಟನ್ ಹಾಕಿ. ಒಗೆಯೋವಾಗ ತೆಗೀಬಹುದು” ಅಂದ.

ಒಗೆಯುವುದಕ್ಕಂತೆ! ನನ್ನ ಕಿವಿಗೆ ಹೂ ಇಡಲು ಬಂದಿದ್ದ. ಕಳೆದ ವರ್ಷ ಫುಟ್‌ಪಾತ್ ಖಾಲಿ ಮಾಡಿಸುವಾಗ ಇವರೇ ಎದುರಿನ ಛತ್ರಿ ರಿಪೇರಿ ಅಜ್ಜನ ಕೈ ಮುರಿದಿದ್ದರು. ಹೊಡೆದವರು ಯಾರು ಅಂದರೆ, ಎಲ್ಲರದ್ದೂ ಒಂದೇ ಅಂಗಿ, ಒಂದೇ ಟೋಪಿ. ಕೇಸು ಅಲ್ಲಿಗೇ ಮುಗಿಯಿತು.

“ಅವರು ಹೇಳಿದ ಹಾಗೆ ಮಾಡೇ ಅಕ್ಕ. ನನ್ನ ಹೊಟ್ಟೆ ಮೇಲೆ ಹೊಡೀಬೇಡ” ಎಂದ ತಮ್ಮ.

“ನಿನಗ್ಯಾಕೋ ಭಯ? ನೀನೇನು ಹೊಡೆಯೋನಾ?”

“ನಾನಾ? ನಾನು ಗೇಟ್ ಕಾಯೋನು” ಎಂದು ನಕ್ಕ.

ನಂಬರಿನ ಬಟ್ಟೆತುಂಡಿನ ನಾಲ್ಕು ಮೂಲೆಗೆ ಟಿಚ್ ಬಟನ್ ಕೂರಿಸಿದೆ. ಅದರಡಿಯಲ್ಲಿ, ಮೇಲೆ ಕಾಣದಂತೆ, ದಪ್ಪ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿದೆ. ಯಜಮಾನ ಬಟನ್ ಮಾತ್ರ ನೋಡಿ, ಗಂಟು ಕಟ್ಟಿಸಿಕೊಂಡು ಹೋದ.

ಹದಿನೈದು ದಿನಕ್ಕೆ ಪಡೆಯವರು ಮತ್ತೆ ಫುಟ್‌ಪಾತಿಗೆ ಬಂದರು. ನಾನು ದಾರ ತರಲು ಹೋಗಿದ್ದೆ. ಬರುವಷ್ಟರಲ್ಲಿ ಅಜ್ಜನನ್ನು ಆಸ್ಪತ್ರೆಗೆ ಒಯ್ದಾಗಿತ್ತು, ತಲೆಗೆ ಏಟು. ನಂಬರು ಕೀಳಲು ಎಲ್ಲರೂ ಎಳೆದಾಡಿದರಂತೆ, ಒಂದೂ ಬರಲಿಲ್ಲವಂತೆ. ಅಷ್ಟು ಸಂಕಟದಲ್ಲೂ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನ ಮಧ್ಯಾಹ್ನ ಇನ್‌ಸ್ಪೆಕ್ಟರಮ್ಮ ಬಂದರು. “ಹೊಡೆದೋನು ಹದಿನೇಳು ಅಂತಾರೆ ಅಜ್ಜ. ಪಡೆಯವರು ಯಾವ ನಂಬರು ಯಾರದ್ದು ಅನ್ನೋ ಪಟ್ಟೀನೇ ಕಳೆದುಹೋಯ್ತು ಅಂತಾರೆ. ನಿಮ್ಮ ಹತ್ರ ಅಳತೆ ಪುಸ್ತಕ ಇರುತ್ತಲ್ವಾ?”

ಇತ್ತು. ತೆರೆದು ನೋಡುವುದೇ ಬೇಕಿರಲಿಲ್ಲ. ಹದಿನೇಳು: ಎದೆ ಮೂವತ್ತಾರು, ತೋಳು ಇಪ್ಪತ್ತಮೂರು, ಎಡಭುಜ ಅರ್ಧ ಇಂಚು ಇಳಿಜಾರು. ಚಿಕ್ಕವನಿದ್ದಾಗ ನನ್ನ ಸೊಂಟದಿಂದ ಜಾರಿ ಬಿದ್ದು ಆದದ್ದು ಅದು. ಪುಸ್ತಕ ಇಲಿ ಕಡಿದು ಹಾಕಿತು ಅಂದಿದ್ದರೂ ಆಕೆ ನಂಬುತ್ತಿದ್ದರೇನೋ.

ಪುಟ ತೆಗೆದು ಅವರ ಕಡೆಗೆ ತಿರುಗಿಸಿದೆ. ಹೆಸರಿನ ಜಾಗದಲ್ಲಿ ‘ತಮ್ಮ’ ಎಂದಷ್ಟೇ ಇತ್ತು.

“ಯಾರ ತಮ್ಮ?”

“ನನ್ನ ತಮ್ಮ. ಈಗ ಮನೇಲಿ ಊಟಕ್ಕೆ ಕೂತಿರ್ತಾನೆ. ಅಂಗಿ ಹಿತ್ತಲ ಹಗ್ಗದ ಮೇಲಿದೆ, ಬೆಳಿಗ್ಗೆ ನಾನೇ ಒಗೆದು ಹಾಕಿದೆ” ಎಂದೆ. “ನಂಬರು ಹಾಗೇ ಇದೆ.”